ಹಳೆಯ ಕೋವಿಗಳೂ ಅಮೆರಿಕದ ಸಂಸ್ಥಾನಗಳ ಕಾಯಿದೆಗಳೂ

ಒಂದು ವಸ್ತುವು ಎಷ್ಟು ಹಳೆಯದಾದರೆ ಇತಿಹಾಸಕ್ಕೆ ಸೇರುತ್ತದೆ? ಶಿಲಾಶಾಸನ, ನಾಣ್ಯ, ಓಲೆಗರಿ ಇವುಗಳ ವಿಷಯದಲ್ಲಿ ಈ ಪ್ರಶ್ನೆಯನ್ನು ಕೇಳಬೇಕಾದ ಪ್ರಸಂಗವೇ ಅಪೂರ್ವ. ಪೂರ್ವಕಾಲದ ಗದ್ಯಾಣವನ್ನು ಕೊಟ್ಟು ಇಂದು ಯಾರೂ ಸಂತೆಯಲ್ಲಿ ಧಾನ್ಯವನ್ನು ಕೊಳ್ಳುವುದಿಲ್ಲ. ಅದರ ವ್ಯವಹಾರಶಕ್ತಿಯು ಮುಗಿದುಹೋಗಿದೆ, ಸಾಕ್ಷ್ಯಶಕ್ತಿಯೊಂದೇ ಉಳಿದಿದೆ. ಕೋವಿಯ ವಿಷಯ ಹಾಗಲ್ಲ. ನೂರು ವರ್ಷಗಳ ಹಿಂದಿನ ಕೋವಿಯು ತನ್ನ ಕಾಲದ ಕೈಗಾರಿಕೆಗೂ ಯುದ್ಧಪದ್ಧತಿಗೂ ಸಾಕ್ಷಿಯಾಗಿರುವಂತೆಯೇ, ತಕ್ಕ ತೋಟಾ ದೊರೆತರೆ ಇಂದಿಗೂ ಪ್ರಾಣವನ್ನು ತೆಗೆಯಬಲ್ಲುದು. ಆದುದರಿಂದ ಅದು ಎಂದಿನಿಂದ ಇತಿಹಾಸದ ವಸ್ತು, ಎಂದಿನವರೆಗೆ ಆಯುಧ ಎಂಬುದನ್ನು ವಿದ್ವಾಂಸರಿಗಿಂತ ಮೊದಲು ಕಾಯಿದೆಯೇ ನಿರ್ಣಯಿಸಬೇಕಾಗಿ ಬಂದಿದೆ.

ಈ ನಿರ್ಣಯವು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಆಗಿರುವಷ್ಟು ಬಗೆಬಗೆಯಾಗಿ ಬೇರೆಲ್ಲಿಯೂ ಆಗಿಲ್ಲವೆಂದು ತೋರುತ್ತದೆ. ಅಲ್ಲಿ ಕೇಂದ್ರ ಸರಕಾರದ ಉತ್ತರವೊಂದಾದರೆ, ಒಂದೊಂದು ಸಂಸ್ಥಾನದ ಉತ್ತರವೂ ಬೇರೊಂದು. ಈ ಭೇದಗಳು ಹಳೆಯ ಆಯುಧಗಳನ್ನು ಸಂಗ್ರಹಿಸುವವರನ್ನು ಹೇಗೆ ಬಾಧಿಸಿವೆ, ಅದರಿಂದ ಇತಿಹಾಸದ ಸಾಮಗ್ರಿಗೆ ಏನು ಲಾಭ, ಏನು ನಷ್ಟ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ಕೋವಿಯನ್ನು ಇಟ್ಟುಕೊಳ್ಳುವ ಹಕ್ಕು ಎಷ್ಟಿರಬೇಕೆಂಬ ದೊಡ್ಡ ವಿವಾದಕ್ಕೆ ನಾವು ಇಲ್ಲಿ ಕೈಯಿಕ್ಕುವುದಿಲ್ಲ.

೧

ಸಂಸ್ಥಾನ ಸಂಸ್ಥಾನಕ್ಕೂ ಕಾಯಿದೆ ಬೇರೆಯಾದುದರ ಕಾರಣವು ಆ ದೇಶದ ರಾಜ್ಯಾಂಗದಲ್ಲಿಯೇ ಇದೆ. ಆಯುಧಧಾರಣೆಯ ಹಕ್ಕನ್ನು ಹೇಳುವ ಎರಡನೆಯ ತಿದ್ದುಪಡಿಯು 1791ರಲ್ಲಿ ಅಂಗೀಕೃತವಾಯಿತು. ಆದರೆ ಪ್ರಜೆಗಳ ಕ್ಷೇಮ, ಊರಿನ ಶಾಂತಿ ಮುಂತಾದ ದಿನಬಳಕೆಯ ಆಡಳಿತವು ಆಯಾ ಸಂಸ್ಥಾನಗಳ ಅಧಿಕಾರಕ್ಕೆ ಸೇರಿದುದಾದ್ದರಿಂದ, ಕೋವಿಯ ಕ್ರಯವಿಕ್ರಯದ ನಿಯಮಗಳು ಮೊದಲು ಹುಟ್ಟಿದುದು ಸಂಸ್ಥಾನಗಳಲ್ಲಿ. ನ್ಯೂ ಯಾರ್ಕ್ ಸಂಸ್ಥಾನವು 1911ರಲ್ಲಿ ಮಾಡಿದ ಕಾಯಿದೆಯು ಅದನ್ನು ಮುಂದೆ ತಂದ ಸಭಾಸದನಾದ ಸಲಿವನ್ನನ ಹೆಸರಿನಿಂದ ಪ್ರಸಿದ್ಧವಾಗಿದೆ. ಬಚ್ಚಿಟ್ಟುಕೊಳ್ಳಬಹುದಾದ ಪಿಸ್ತೂಲನ್ನು ಇಟ್ಟುಕೊಳ್ಳುವುದಕ್ಕೂ ಲೈಸೆನ್ಸು ಬೇಕೆಂದು ಅದು ವಿಧಿಸಿತು. ಕ್ಯಾಲಿಫೋರ್ನಿಯವು 1923ರಲ್ಲಿ, ಪಿಸ್ತೂಲನ್ನು ಕೊಂಡವನಿಗೆ ಒಂದು ದಿವಸ ಕಳೆಯದೆ ಅದನ್ನು ಒಪ್ಪಿಸಕೂಡದೆಂದು ನಿಯಮಿಸಿತು. ಈಗ ಆ ಅವಧಿ 10 ದಿವಸ.

ಕೇಂದ್ರ ಸರಕಾರವು ಈ ಕ್ಷೇತ್ರಕ್ಕೆ ತಡವಾಗಿ, ಹಿಂಜರಿಯುತ್ತ ಬಂದಿತು. ತನಗೆ ಸಂದ ಅಧಿಕಾರಗಳನ್ನೇ ಒಂದೊಂದಾಗಿ ಹಿಡಿದು ಅದು ಕೈಚಾಚಿತೆಂಬುದು ಗಮನಿಸತಕ್ಕ ಅಂಶ. 1927ರಲ್ಲಿ ಅಂಚೆಯ ಅಧಿಕಾರದಿಂದ ಪಿಸ್ತೂಲುಗಳನ್ನು ಸರಕಾರಿ ಅಂಚೆಯಲ್ಲಿ ಕಳುಹಿಸುವುದನ್ನು ನಿಷೇಧಿಸಿತು. 1934ರಲ್ಲಿ ತೆರಿಗೆಯ ಅಧಿಕಾರದಿಂದ ಮೆಷೀನ್ ಗನ್ನು ಮೊದಲಾದವುಗಳ ಹಸ್ತಾಂತರಕ್ಕೆ 200 ಡಾಲರ್ ತೆರಿಗೆಯನ್ನೂ ನೋಂದಣಿಯನ್ನೂ ಹೊರಿಸಿತು. 1938ರಲ್ಲಿ ಸಂಸ್ಥಾನಾಂತರ ವ್ಯಾಪಾರದ ಅಧಿಕಾರದಿಂದ ವ್ಯಾಪಾರಿಗಳಿಗೆ ಲೈಸೆನ್ಸನ್ನು ವಿಧಿಸಿತು. ಈ ಕಾಯಿದೆಗಳಾವುವೂ ಸಂಸ್ಥಾನಗಳ ಕಾಯಿದೆಗಳನ್ನು ತೆಗೆದುಹಾಕಲಿಲ್ಲ. ಹಳೆಯ ಗೋಡೆಯ ಪಕ್ಕದಲ್ಲಿ ಹೊಸ ಗೋಡೆ ಎದ್ದಂತೆ ಎರಡೂ ಒಟ್ಟಿಗೆ ನಿಂತವು.

೨

ಸಂಗ್ರಾಹಕನೆಂಬವನು ಕೇಂದ್ರದ ಕಾಯಿದೆಯಲ್ಲಿ ಪ್ರತ್ಯೇಕವಾಗಿ ಕಾಣಿಸಿಕೊಂಡುದು 1968ರಲ್ಲಿ. ಇದಕ್ಕೆ ಹಿನ್ನೆಲೆಯಾದ ಘಟನೆಯು ಪ್ರಸಿದ್ಧವಾದುದು. 1963ರ ನವೆಂಬರಿನಲ್ಲಿ ಅಧ್ಯಕ್ಷ ಕೆನಡಿಯವರನ್ನು ಕೊಂದ ರೈಫಲು 1940ರಲ್ಲಿ ಇಟಲಿಯಲ್ಲಿ ತಯಾರಾದ ಸೈನ್ಯದ ಕೋವಿ. ಯುದ್ಧಾನಂತರ ಮಿಕ್ಕಮಾಲಾಗಿ ಅಮೆರಿಕಕ್ಕೆ ಬಂದು, ಶಿಕಾಗೋದ ಅಂಗಡಿಯೊಂದರಿಂದ ಸುಳ್ಳು ಹೆಸರಿನಲ್ಲಿ ಟಪಾಲಿನ ಮೂಲಕ ಅದು ಕೊಳ್ಳಲ್ಪಟ್ಟಿತ್ತು. ಮಿಕ್ಕಮಾಲಿನ ಹಳೆಯ ಸೈನ್ಯಕೋವಿಗಳನ್ನು ಅಗ್ಗದ ಬೆಲೆಗೆ ಟಪಾಲಿನಲ್ಲಿ ತರಿಸಿಕೊಳ್ಳುವುದು ಸಂಗ್ರಾಹಕರ ರೂಢಿಯೂ ಆಗಿದ್ದುದರಿಂದ, ಕೊಲೆಗಾರನೂ ಸಂಗ್ರಾಹಕನೂ ಒಂದೇ ಬಾಗಿಲಿನಿಂದ ಬಂದಂತಾಯಿತು.

1968ರ ಅಕ್ಟೋಬರ್ 22ರಂದು ಅಧ್ಯಕ್ಷ ಜಾನ್ಸನ್ನರು ಸಹಿಮಾಡಿದ ಕಾಯಿದೆಯು ಆ ಬಾಗಿಲನ್ನು ಮುಚ್ಚಿತು. ಲೈಸೆನ್ಸಿಲ್ಲದವನು ಬೇರೆ ಸಂಸ್ಥಾನದಿಂದ ನೇರವಾಗಿ ಕೋವಿಯನ್ನು ತರಿಸುವುದು ನಿಷಿದ್ಧವಾಯಿತು. ಆದರೆ ಅದೇ ಕಾಯಿದೆಯು ಎರಡು ಕಿಟಕಿಗಳನ್ನು ತೆರೆದಿಟ್ಟಿತು. ಮೊದಲನೆಯದು ಪ್ರಾಚೀನಾಯುಧ: 1898ರಲ್ಲಾಗಲಿ ಅದಕ್ಕೆ ಹಿಂದಾಗಲಿ ತಯಾರಾದ ಕೋವಿಯು ಕಾಯಿದೆಯ ದೃಷ್ಟಿಯಲ್ಲಿ ಕೋವಿಯೇ ಅಲ್ಲ. ಎರಡನೆಯದು ಕೌತುಕ ಅಥವಾ ಸ್ಮಾರಕ ವಸ್ತು: ನಿಯಮಾವಳಿಯ ಪ್ರಕಾರ ಮೂಲರೂಪದಲ್ಲಿ 50 ವರ್ಷಗಳನ್ನು ಕಂಡದ್ದು, ಇಲ್ಲವೆ ಸಾರ್ವಜನಿಕ ವಸ್ತುಸಂಗ್ರಹಾಲಯದ ಅಧಿಕಾರಿಯು ಸಂಗ್ರಹಯೋಗ್ಯವೆಂದು ಪ್ರಮಾಣೀಕರಿಸಿದ್ದು, ಇಲ್ಲವೆ ಅಪೂರ್ವತೆಯಿಂದಲೋ ಐತಿಹಾಸಿಕ ವ್ಯಕ್ತಿ, ಕಾಲ, ಘಟನೆಗಳ ಸಂಬಂಧದಿಂದಲೋ ಬಹುಮಟ್ಟಿಗೆ ತನ್ನ ಬೆಲೆಯನ್ನು ಪಡೆದದ್ದು. ಈ ಎರಡನೆಯ ವರ್ಗದ ಕೋವಿಗಳನ್ನು ಸಂಸ್ಥಾನದ ಎಲ್ಲೆಯ ಹೊರಗಿನಿಂದ ತರಿಸಿಕೊಳ್ಳಲು ಸಂಗ್ರಾಹಕನೆಂಬ ಲೈಸೆನ್ಸನ್ನು ಏರ್ಪಡಿಸಲಾಯಿತು. ಈಗ ಅದರ ಶುಲ್ಕ ಮೂರು ವರ್ಷಕ್ಕೆ 30 ಡಾಲರ್. ಮಸಾಚುಸೆಟ್ಸಿನ ಸ್ಪ್ರಿಂಗ್‌ಫೀಲ್ಡಿನಲ್ಲಿ 1795ರಿಂದ ಸೈನ್ಯಕ್ಕೆ ಕೋವಿಗಳನ್ನು ತಯಾರಿಸುತ್ತಿದ್ದ ಸರಕಾರಿ ಆಯುಧಶಾಲೆಯು ಮುಚ್ಚಿಹೋದುದೂ 1968ರಲ್ಲಿಯೇ. ಅದೇ ಸ್ಥಳವು ಇಂದು ವಸ್ತುಸಂಗ್ರಹಾಲಯ.

1898 ಎಂಬ ಎಲ್ಲೆಗಲ್ಲಿನ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಹಾರ್ಟ್‌ಫರ್ಡಿನ ಕೋಲ್ಟ್ ಕಾರ್ಖಾನೆಯು 1873ರಲ್ಲಿ ಆರಂಭಿಸಿದ ಆರು ಗುಂಡಿನ ಪ್ರಸಿದ್ಧ ರಿವಾಲ್ವರನ್ನು ಇಪ್ಪತ್ತನೆಯ ಶತಮಾನದಲ್ಲಿಯೂ ದಶಕಗಳ ಕಾಲ ತಯಾರಿಸುತ್ತಿತ್ತು. 1898ರಲ್ಲಿ ತಯಾರಾದುದು ಪ್ರಾಚೀನಾಯುಧ. ಮರುವರ್ಷ ಅದೇ ಅಚ್ಚಿನಲ್ಲಿ ತಯಾರಾದುದು ಕೋವಿ. ಎರಡನ್ನೂ ಕಣ್ಣಿನಿಂದ ನೋಡಿ ಭೇದವನ್ನು ಹೇಳುವುದು ಸುಲಭವಲ್ಲ. ಕ್ರಮಸಂಖ್ಯೆಯನ್ನು ಓದಿ, ಕಾರ್ಖಾನೆಯ ಹಳೆಯ ಲೆಕ್ಕದ ಪುಸ್ತಕಗಳೊಡನೆ ಹೋಲಿಸಿ ನಿರ್ಣಯಿಸಬೇಕು. ವಿಂಚೆಸ್ಟರ್ ರೈಫಲುಗಳ ಇಂತಹ ದಾಖಲೆಗಳು ವಯೋಮಿಂಗಿನ ಕೋಡಿ ಎಂಬ ಊರಿನ ವಸ್ತುಸಂಗ್ರಹಾಲಯದಲ್ಲಿವೆ. ತಿಥಿಯಿಲ್ಲದ ಶಾಸನವನ್ನು ಲಿಪಿಯಿಂದ ಕಾಲನಿರ್ಣಯ ಮಾಡುವ ಪರಿಶ್ರಮವನ್ನು ಬಲ್ಲ ನಮ್ಮ ವಾಚಕರಿಗೆ ಈ ಕೆಲಸದ ಸ್ವರೂಪವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ತಪ್ಪಿದರೆ ಟೀಕೆಗಷ್ಟೇ ಅಲ್ಲ, ದಂಡನೆಗೂ ಗುರಿಯಾಗಬೇಕಾಗುವುದೆಂಬುದೊಂದೇ ವ್ಯತ್ಯಾಸ.

ಇನ್ನೊಂದು ವಿಚಿತ್ರವಿದೆ. ಐವತ್ತು ವರ್ಷಗಳ ಎಲ್ಲೆಯು ಪ್ರತಿವರ್ಷವೂ ಮುಂದಕ್ಕೆ ಸರಿಯುತ್ತದೆ. 1898 ಎಂಬುದು ನಟ್ಟ ಕಲ್ಲಿನಂತೆ ನಿಂತೇ ಇದೆ. ಕಾಯಿದೆಯಾದಾಗ ಅದಕ್ಕೂ ವರ್ತಮಾನಕ್ಕೂ ನಡುವೆ 70 ವರ್ಷಗಳಿದ್ದವು. ಈಗ ಸವಾಶತಮಾನವೇ ಕಳೆದಿದೆ. ಹೀಗಿರಲು ಒಂದನೆಯ ಮಹಾಯುದ್ಧದ ಕೋವಿಯು ನೂರು ದಾಟಿದರೂ ಪ್ರಾಚೀನವಲ್ಲ. ಆದರೆ ಹಳೆಯ ಮಾದರಿಯನ್ನು ಅನುಕರಿಸಿ ನಿನ್ನೆ ಮಾಡಿದ ಚಕಮಕಿ ಕೋವಿಯು, ಇಡಿಯ ತೋಟಾವನ್ನು ಬಳಸದ ಕಾರಣ, ಕೇಂದ್ರದ ಕಾಯಿದೆಯಲ್ಲಿ ಪ್ರಾಚೀನಾಯುಧವೆನಿಸುತ್ತದೆ!

೩

ಇಷ್ಟು ಕೇಂದ್ರದ ಮಾತು. ಸಂಸ್ಥಾನಗಳಿಗೆ ಬಂದರೆ ಅಳತೆಗೋಲೇ ಬದಲಾಗುತ್ತದೆ.

ನ್ಯೂ ಯಾರ್ಕಿನ ದಂಡಸಂಹಿತೆಯು ವರ್ಷವನ್ನು ಎಣಿಸುವುದಿಲ್ಲ. ಬಾಯಿಯ ಕಡೆಯಿಂದ ಮದ್ದು ತುಂಬುವ, ಬತ್ತಿ, ಚಕಮಕಿ ಅಥವಾ ಕೇಪಿನಿಂದ ಹೊತ್ತಿಸುವ, ತುಂಬದೆ ಇಟ್ಟಿರುವ ಪಿಸ್ತೂಲು ಪ್ರಾಚೀನ. ಇಲ್ಲವೆ ಅದರ ತೋಟಾವು ವ್ಯಾಪಾರದ ಸಾಮಾನ್ಯ ಮಾರ್ಗದಲ್ಲಿ ದೊರೆಯದಂತಾಗಿರಬೇಕು. ಮೇಲೆ ಹೇಳಿದ ಕೋಲ್ಟ್ ರಿವಾಲ್ವರು 1880ರದೇ ಆದರೂ, .45 ಅಳತೆಯ ಅದರ ತೋಟಾ ಇಂದಿಗೂ ಅಂಗಡಿಯಲ್ಲಿ ಸಿಕ್ಕುವುದರಿಂದ, ಅಲ್ಲಿ ಅದು ಲೈಸೆನ್ಸು ಬೇಕಾದ ಪಿಸ್ತೂಲು. ಅದೇ ಕಾರ್ಖಾನೆಯು ಅದೇ ದಶಕದಲ್ಲಿ, ಬಳಕೆ ತಪ್ಪಿದ .44 ಹೆನ್ರಿ ತೋಟಾಕ್ಕಾಗಿ ಮಾಡಿದ ರಿವಾಲ್ವರಿನ ಗತಿ ಬೇರೆ. ಹೀಗೆ ಒಂದೇ ಕೈಯ ಎರಡು ಕೃತಿಗಳಲ್ಲಿ ಒಂದು ಇತಿಹಾಸವಾಗಿ, ಇನ್ನೊಂದು ಆಯುಧವಾಗಿ ಉಳಿಯುತ್ತದೆ. ಆ ಕೋವಿಯ ಪ್ರಾಚೀನತೆಯು ಅದರ ವಯಸ್ಸನ್ನಲ್ಲ, ತೋಟಾ ತಯಾರಿಸುವವನ ಲಾಭನಷ್ಟವನ್ನು ಅವಲಂಬಿಸಿದೆ.

ಇಲಿನಾಯ್ ಸಂಸ್ಥಾನದಲ್ಲಿ ಕೋವಿಯುಳ್ಳವನು ಗುರುತಿನ ಚೀಟಿಯನ್ನು ಪಡೆದಿರಬೇಕು. ಈ ಪದ್ಧತಿ 1968ರಿಂದ ನಡೆದು ಬಂದಿದೆ. ಅಲ್ಲಿಯ ಕಾಯಿದೆಯು ವರ್ಷವೊಂದನ್ನೇ ಆಗಲಿ, ತೋಟಾವನ್ನೇ ಆಗಲಿ ಹಿಡಿಯದೆ, ತಯಾರಾದ ಕಾಲ, ಬೆಲೆ, ರಚನೆ ಮೊದಲಾದ ಲಕ್ಷಣಗಳನ್ನು ಒಟ್ಟಾಗಿ ನೋಡಿ, ಇದು ಮುಖ್ಯವಾಗಿ ಸಂಗ್ರಾಹಕನ ವಸ್ತು, ಆಯುಧವಾಗಿ ಬಳಕೆಯಾಗುವ ಸಂಭವ ಕಡಿಮೆ ಎಂದು ಸಂಸ್ಥಾನದ ಪೋಲೀಸು ಇಲಾಖೆಯು ನಿರ್ಧರಿಸಿದರೆ ಅದನ್ನು ಹೊರಗಿಡುತ್ತದೆ. ತತ್ತ್ವದಲ್ಲಿ ಇದು ವಿದ್ವಾಂಸನ ಮಾರ್ಗಕ್ಕೆ ಎಲ್ಲಕ್ಕಿಂತ ಸಮೀಪವಾದುದು. ಆದರೆ ನಿರ್ಣಯಿಸುವವನು ವಿದ್ವಾಂಸನಲ್ಲ.

ನ್ಯೂ ಜರ್ಸಿಯಲ್ಲಿ 2015ರ ಆದಿಯಲ್ಲಿ ನಡೆದ ಪ್ರಸಂಗವೊಂದು ಈ ಭೇದಗಳ ತೀಕ್ಷ್ಣತೆಯನ್ನು ತೋರಿಸುತ್ತದೆ. ಅಲ್ಲಿಯ ಕಾಯಿದೆಯ ಪ್ರಾಚೀನಾಯುಧದ ಲಕ್ಷಣವು ಉದ್ದ ಕೋವಿಗಳನ್ನೂ ಫಿರಂಗಿಯನ್ನೂ ಹೇಳಿ ಪಿಸ್ತೂಲನ್ನು ಬಿಟ್ಟಿತ್ತು. ಇದರಿಂದ ಹದಿನೆಂಟನೆಯ ಶತಮಾನದ ಚಕಮಕಿ ಪಿಸ್ತೂಲೊಂದನ್ನು ವಾಹನದಲ್ಲಿಟ್ಟುಕೊಂಡಿದ್ದ ಸಂಗ್ರಾಹಕನೊಬ್ಬನ ಮೇಲೆ ಸೆರೆಮನೆಯ ಶಿಕ್ಷೆಗೆ ಅವಕಾಶವಿದ್ದ ಆಪಾದನೆಯು ಬಂದಿತು. ಸರಕಾರದ ವಕೀಲರು ಅದನ್ನು ಬೇಗನೆ ಹಿಂತೆಗೆದುಕೊಂಡರು. ವಿವೇಕವು ಕಾಯಿದೆಯನ್ನು ತಿದ್ದಿತೆಂದು ಹೇಳಬಹುದು. ಆದರೆ ವಿವೇಕವನ್ನು ನಂಬಿ ಸಂಗ್ರಹ ಮಾಡುವುದು ಎಷ್ಟರಮಟ್ಟಿಗೆ ಸಾಧ್ಯ?

ಕೊಳ್ಳುವ ಕ್ರಮದಲ್ಲಿಯೂ ಭೇದಗಳುಂಟು. ಕ್ಯಾಲಿಫೋರ್ನಿಯದಲ್ಲಿ ಕೇಂದ್ರದ ಸಂಗ್ರಾಹಕ ಲೈಸೆನ್ಸೊಂದರಿಂದಲೇ ಕೆಲಸ ಪೂರೈಸುವುದಿಲ್ಲ. ಸಂಸ್ಥಾನದ ಅರ್ಹತಾಪತ್ರವೂ ಜೊತೆಗಿದ್ದರೆ ಮಾತ್ರ ಸ್ಮಾರಕ ಕೋವಿಗಳಿಗೆ ಹತ್ತು ದಿವಸಗಳ ಕಾಯುವಿಕೆಯಿಂದ ವಿನಾಯಿತಿ. ವರ್ಜೀನಿಯವು 1993ರಲ್ಲಿ ತಿಂಗಳಿಗೊಂದೇ ಪಿಸ್ತೂಲು ಎಂದು ವಿಧಿಸಿ, 2012ರಲ್ಲಿ ಅದನ್ನು ತೆಗೆದು, 2020ರಲ್ಲಿ ಮರಳಿ ತಂದಿತು. ಜೋಡಿಯಾಗಿ ತಯಾರಾದ ಪಿಸ್ತೂಲುಗಳನ್ನು ಬೇರ್ಪಡಿಸಿದರೆ ಅರ್ಥವೇ ಕೆಡುವುದು. ತೀರಿಹೋದವರ ಸಂಗ್ರಹವು ಒಟ್ಟಾಗಿ ಮಾರಾಟಕ್ಕೆ ಬರುವುದು. ಇದನ್ನರಿತು ಆ ಸಂಸ್ಥಾನವು ಸಂಗ್ರಹಕ್ಕಾಗಿಯೂ ಆಸ್ತಿವಿಲೇವಾರಿಯ ಮಾರಾಟದಲ್ಲಿಯೂ ಕೊಳ್ಳುವವರಿಗೆ, ಹೆಚ್ಚಿನ ತನಿಖೆಯ ಮೇಲೆ, ಮಿತಿಯನ್ನು ಮೀರಲು ದಾರಿಯಿಟ್ಟಿತು. ಬಹುಕಾಲ ನಿಯಮಗಳೇ ಇಲ್ಲವೆನ್ನುವಂತಿದ್ದ ವರ್ಮಾಂಟ್ ಸಂಸ್ಥಾನವು ಕೂಡ 2018ರಲ್ಲಿ ಖಾಸಗಿ ಮಾರಾಟಗಳಿಗೆ ಪೂರ್ವಚರಿತ್ರೆಯ ತನಿಖೆಯನ್ನೂ, 2023ರಲ್ಲಿ 72 ಗಂಟೆಗಳ ಅವಧಿಯನ್ನೂ ತಂದಿತು. ಆದರೂ ಅದಕ್ಕೂ ನ್ಯೂ ಯಾರ್ಕಿಗೂ ನಡುವೆ ಇರುವ ಷಾಂಪ್ಲೇನ್ ಸರೋವರವನ್ನು ದೋಣಿಯಲ್ಲಿ ದಾಟಿದರೆ, ಒಂದೇ ರಿವಾಲ್ವರು ದಡದಿಂದ ದಡಕ್ಕೆ ತನ್ನ ಜಾತಿಯನ್ನು ಬದಲಿಸುತ್ತದೆ. 1986ರ ಕೇಂದ್ರದ ಕಾಯಿದೆಯು, ಕೋವಿಯಲ್ಲಿ ಗುಂಡಿಲ್ಲದೆ ಅದು ಕೈಗೆಟುಕದಂತಿದ್ದರೆ ಇಂತಹ ಸಂಸ್ಥಾನದ ಮೂಲಕ ಹಾದುಹೋಗಲು ರಕ್ಷಣೆ ಕೊಟ್ಟಿತು. ಹೊರಡುವ ಎಡೆಯಲ್ಲಿಯೂ ಸೇರುವ ಎಡೆಯಲ್ಲಿಯೂ ಅದನ್ನು ಹೊಂದುವುದು ನ್ಯಾಯಬದ್ಧವಾಗಿರಬೇಕೆಂಬ ಷರತ್ತು ಇದ್ದೇ ಇದೆ.

೪

ಇವೆಲ್ಲ ಕೆಲವರ ಹವ್ಯಾಸಕ್ಕೆ ಬಂದ ಅಡಚಣೆಗಳು, ಇತಿಹಾಸಕ್ಕೇನು ಎಂದು ಕೇಳಬಹುದು. ಹಳೆಯ ಆಯುಧಗಳ ವಿಷಯದಲ್ಲಿ ಮುಖ್ಯವಾದುದು ವಸ್ತುವಿಗಿಂತಲೂ ಅದರ ಪೂರ್ವೋತ್ತರ. ಇದನ್ನು ಯಾರು ಹಿಡಿದಿದ್ದರು, ಯಾವ ಯುದ್ಧದಿಂದ ಬಂದಿತು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ಸರಪಣಿ ತುಂಡಾದರೆ ಉಳಿಯುವುದು ಉಕ್ಕು ಮತ್ತು ಮರ. ಕಾಯಿದೆಯು ಈ ಸರಪಣಿಯನ್ನು ಕಾಯಲೂಬಲ್ಲುದು, ಕಡಿಯಲೂಬಲ್ಲುದು.

ಕಾಯ್ದುದಕ್ಕೆ ನಿದರ್ಶನವು ಸಂಗ್ರಾಹಕ ಲೈಸೆನ್ಸಿನಲ್ಲಿಯೇ ಇದೆ. ಈ ಲೈಸೆನ್ಸುಳ್ಳವನು ತಾನು ಪಡೆದ, ಕೊಟ್ಟ ಒಂದೊಂದು ಸ್ಮಾರಕ ಕೋವಿಯನ್ನೂ, ತಯಾರಕನ ಹೆಸರು, ಮಾದರಿ, ಕ್ರಮಸಂಖ್ಯೆ, ತಾರೀಖು, ಕೊಟ್ಟವರ ಮತ್ತು ಪಡೆದವರ ವಿವರಗಳೊಡನೆ ಹೊಲಿದ ಪುಸ್ತಕದಲ್ಲಿ ಬರೆಯಬೇಕು. ಅಪರಾಧವನ್ನು ಪತ್ತೆಹಚ್ಚಲು ಮಾಡಿದ ಈ ನಿಯಮವು ತಿಳಿಯದೆಯೇ ಸಂಗ್ರಾಹಕನನ್ನು ಚರಿತ್ರಲೇಖಕನನ್ನಾಗಿ ಮಾಡಿದೆ. 1898ಕ್ಕೆ ಹಿಂದಿನವುಗಳಿಗೆ ಈ ಬರೆಹವು ಬೇಕಿಲ್ಲ. ಆದುದರಿಂದ ಇತಿಹಾಸಕಾರನಿಗೆ ಎಲ್ಲಕ್ಕಿಂತ ಅಮೂಲ್ಯವಾದ ವಸ್ತುಗಳಿಗೇ ಕಾಯಿದೆಯ ಪುಸ್ತಕದಲ್ಲಿ ಸ್ಥಳವಿಲ್ಲ.

ಕಡಿದುದಕ್ಕೂ ನಿದರ್ಶನಗಳಿವೆ. ಎರಡು ಮಹಾಯುದ್ಧಗಳಿಂದ ಮರಳಿದ ಸೈನಿಕರು ಶತ್ರುಗಳ ಆಯುಧಗಳನ್ನು ನೆನಪಿಗಾಗಿ ತಂದರು. ಅವುಗಳಲ್ಲಿ ನೋಂದಾಯಿಸದ ಮೆಷೀನ್ ಗನ್ನುಗಳನ್ನು ಶಿಕ್ಷೆಯ ಭಯವಿಲ್ಲದೆ ನೋಂದಾಯಿಸಲು 1968ರ ನವೆಂಬರ್ 2ರಿಂದ ಡಿಸೆಂಬರ್ 1ರವರೆಗೆ ಒಂದು ತಿಂಗಳ ಅವಕಾಶವನ್ನು ಕೊಡಲಾಯಿತು. ಆ ತಿಂಗಳನ್ನು ಕಳೆದುಕೊಂಡ ಆಯುಧವನ್ನು ಮನೆಯವರು ಇಂದು ಅಟ್ಟದ ಮೇಲೆ ಕಂಡರೆ ಅದು ತಾತನ ಸ್ಮಾರಕವಲ್ಲ, ಅಪರಾಧದ ವಸ್ತು. ಹೀಗಿರುವಾಗ ಅದರ ಕಥೆಯನ್ನು ಅವರು ಯಾರೊಡನೆ ಹೇಳಿಯಾರು? ನೋಂದಾಯಿಸಿದ್ದರೂ ನ್ಯೂ ಯಾರ್ಕಿನಂತಹ ಸಂಸ್ಥಾನಗಳಲ್ಲಿ ಸಾಮಾನ್ಯ ಪ್ರಜೆಯು ಅದನ್ನು ಇಟ್ಟುಕೊಳ್ಳುವಂತಿಲ್ಲ. ವಾಷಿಂಗ್ಟನ್ ಸಂಸ್ಥಾನದಲ್ಲಿ 2014ರ ನವೆಂಬರಿನಲ್ಲಿ ಜನಮತದಿಂದ ಅಂಗೀಕೃತವಾದ ಕಾಯಿದೆಯು, ಮಾರಾಟವಷ್ಟೇ ಅಲ್ಲದೆ ಎರವಲನ್ನೂ ಹಸ್ತಾಂತರವೆಂದು ಎಣಿಸಿ ತನಿಖೆಗೆ ಒಳಪಡಿಸಿತು. ಆಗ ಲಿಂಡನ್ ಎಂಬ ಊರಿನ ವಸ್ತುಸಂಗ್ರಹಾಲಯವು ಪ್ರದರ್ಶನಕ್ಕೆಂದು ಎರವಲು ತಂದಿದ್ದ ಎರಡನೆಯ ಮಹಾಯುದ್ಧದ ಕೋವಿಗಳನ್ನು, ಕಾಯಿದೆಯು ಜಾರಿಗೆ ಬರುವುದಕ್ಕೆ ಮುಂಚೆಯೇ, ಒಡೆಯರಿಗೆ ಹಿಂದಿರುಗಿಸಲು ಮುಂದಾಯಿತು.

ಪ್ರತಿಪಕ್ಷದ ಮಾತನ್ನು ಹೇಳದೆ ಮುಂದುವರಿಯುವುದು ನ್ಯಾಯವಲ್ಲ. ಹಳೆಯ ಕೋವಿ ನಿರಪಾಯವೆಂಬುದು ಸುಳ್ಳು. 1963ರ ರೈಫಲಿಗೆ ಆಗ 23 ವರ್ಷ. ಐವತ್ತು ತುಂಬಿದ ಅದರ ಒಡಹುಟ್ಟುಗಳು ಈಗ ಸ್ಮಾರಕ ವಸ್ತುಗಳಾಗಿದ್ದರೂ ಗುಂಡು ಹಾರಿಸುವುದನ್ನು ಮರೆತಿಲ್ಲ. ದೊಡ್ಡ ನಗರಗಳುಳ್ಳ ಸಂಸ್ಥಾನವು ವರ್ಷಕ್ಕಿಂತ ತೋಟಾವನ್ನು ನೋಡಿದರೆ ಅದರಲ್ಲಿ ಯುಕ್ತಿಯಿದೆ. ಸಂಗ್ರಾಹಕನ ಕಷ್ಟಕ್ಕೆ ಕಾರಣವು ಕಾಯಿದೆಗಳ ಕಾಠಿನ್ಯವೊಂದೇ ಅಲ್ಲ. ಒಂದೇ ವಸ್ತುವಿಗೆ ಹಲವು ಲಕ್ಷಣಗಳಿರುವುದು ಅದಕ್ಕಿಂತ ಹೆಚ್ಚಿನ ಕಾರಣವೆಂದು ನಮಗೆ ತೋರುತ್ತದೆ.

೫

ಈ ವಿಷಯಕ್ಕೂ ನಮ್ಮ ನಾಡಿಗೂ ಸಂಬಂಧವಿಲ್ಲದೆ ಇಲ್ಲ. ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಟೀಪೂ ಸುಲ್ತಾನನಿಗಾಗಿ ತಯಾರಾದ, ಹುಲಿಪಟ್ಟೆಯ ಗುರುತೂ ಮೌಲೂದಿ ಶಕದ ವರ್ಷವೂ ಉಳ್ಳ ಚಕಮಕಿ ಕೋವಿಗಳು 1799ರ ತರುವಾಯ ದೇಶಾಂತರಗಳ ಸಂಗ್ರಹಗಳಿಗೆ ಸೇರಿದವು. ಅಂತಹುದೊಂದು ಅಮೆರಿಕಕ್ಕೆ ಹೋದರೆ ಕೇಂದ್ರದ ಕಾಯಿದೆಯಲ್ಲಿ ಅದು ವರ್ಷದ ಬಲದಿಂದಲೇ ಪ್ರಾಚೀನ. ನಮ್ಮ 1959ರ ಆಯುಧ ಕಾಯಿದೆಯ ಅಳತೆಗೋಲು ಬೇರೆ: ಬಳಕೆ ತಪ್ಪಿದ ಮಾದರಿಯದಾಗಲಿ, ಪ್ರಾಚೀನವಸ್ತುವಿನ ಬೆಲೆಯುಳ್ಳದ್ದಾಗಲಿ, ರಿಪೇರಿ ಮಾಡಿದರೂ ಕೋವಿಯಾಗಿ ಉಪಯೋಗಕ್ಕೆ ಬಾರದಂತಿದ್ದರೆ ಮಾತ್ರ ಅದಕ್ಕೆ ವಿನಾಯಿತಿ. ಅಲ್ಲಿ ವಯಸ್ಸು ಸಾಕು. ಇಲ್ಲಿ ವಯಸ್ಸಾದರೂ ಸಾಮರ್ಥ್ಯವು ಅಳಿದಿರಬೇಕು. ಕೊಡಗಿನಲ್ಲಿ ಮೂರನೆಯದೊಂದು ಕ್ರಮವಿದೆ. ಕೈಲುಮುಹೂರ್ತದಲ್ಲಿ ಕೋವಿಯನ್ನು ಪೂಜಿಸುವ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರವು 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿತು. 2021ರಲ್ಲಿ ಕರ್ಣಾಟಕದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಇಲ್ಲಿ ಕಾಯಿದೆಯು ವಸ್ತುವನ್ನಲ್ಲ, ಅದನ್ನು ಹಿಡಿದವನನ್ನು ನೋಡುತ್ತದೆ. ವ್ಯಕ್ತಿಯನ್ನು ನೋಡುವುದರಲ್ಲಿ ಅಮೆರಿಕದ ಸಂಗ್ರಾಹಕ ಲೈಸೆನ್ಸು ಇದಕ್ಕೆ ದೂರದ ಬಂಧು.

2022ರ ಜೂನಿನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು, 1911ರ ಪರಂಪರೆಗೆ ಸೇರಿದ ನ್ಯೂ ಯಾರ್ಕಿನ ನಿಯಮವೊಂದನ್ನು ರದ್ದುಮಾಡುತ್ತ, ಕೋವಿಯ ಹಕ್ಕನ್ನು ಕಟ್ಟುವ ಕಾಯಿದೆಯು ದೇಶದ ಐತಿಹಾಸಿಕ ಸಂಪ್ರದಾಯಕ್ಕೆ ಹೊಂದಿಕೊಳ್ಳುವುದೆಂದು ಸರಕಾರವು ತೋರಿಸಬೇಕೆಂದು ವಿಧಿಸಿತು. ಅಂದಿನಿಂದ ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಯಾವ ಊರಿನಲ್ಲಿ ಎಂತಹ ಕೋವಿಗಳಿದ್ದವು, ಅವು ಎಷ್ಟು ವೇಗವಾಗಿ ಹಾರಿಸುತ್ತಿದ್ದವು, ಯಾವ ನಿಯಮಗಳಿಗೆ ಒಳಪಟ್ಟಿದ್ದವು ಎಂಬ ಪ್ರಶ್ನೆಗಳಿಗಾಗಿ ಇತಿಹಾಸಕಾರರು ನ್ಯಾಯಸ್ಥಾನಗಳಲ್ಲಿ ಸಾಕ್ಷ್ಯ ಹೇಳುತ್ತಿದ್ದಾರೆ. ಹಳೆಯ ಕೋವಿಯನ್ನು ಇತಿಹಾಸವೆಂದು ಬದಿಗಿಟ್ಟ ಕಾಯಿದೆಯೇ, ಹೊಸ ಕೋವಿಯ ವಿವಾದವನ್ನು ತೀರಿಸಲು ಮತ್ತೆ ಆ ಹಳೆಯ ಕೋವಿಯ ಬಳಿಗೆ ಬಂದಿದೆ.

ಆದುದರಿಂದ ಇಲ್ಲಿ ಪಣವಾಗಿರುವುದು ಕೆಲವರ ವಿನೋದವಷ್ಟೇ ಅಲ್ಲ. ಮುಂದಿನ ನ್ಯಾಯನಿರ್ಣಯಕ್ಕೆ ಬೇಕಾದ ಸಾಕ್ಷ್ಯವೂ ಹೌದು. ಸಂಸ್ಥಾನಗಳು ತಮ್ಮ ತಮ್ಮ ಕ್ಷೇಮಕ್ಕೆ ತಕ್ಕಂತೆ ಕಠಿನವಾಗಿಯೋ ಮೃದುವಾಗಿಯೋ ಇರಬಹುದು. ಬರೆದಿಡುವಂತೆ ಮಾಡುವ ನಿಯಮವು ಕಠಿನವಾದರೂ ಇತಿಹಾಸಕ್ಕೆ ಉಪಕಾರಿ. ಎಲ್ಲೆಯಿಂದ ಎಲ್ಲೆಗೆ ವಸ್ತುವಿನ ಲಕ್ಷಣವನ್ನು ಬದಲಿಸಿ ಒಡೆಯನನ್ನು ಮೌನಕ್ಕೆ ತಳ್ಳುವ ನಿಯಮವು ಮೃದುವಾದರೂ ಅಪಕಾರಿ. ನಮ್ಮ ದೇಶದಲ್ಲಿ ಹಳೆಯ ಮನೆಗಳ ಅಟ್ಟಗಳಲ್ಲಿಯೂ ದೇವಸ್ಥಾನಗಳ ಉಗ್ರಾಣಗಳಲ್ಲಿಯೂ ಉಳಿದಿರುವ ಆಯುಧಗಳ ವಿಷಯದಲ್ಲಿ ಈ ವಿವೇಚನೆಯು ಉಪಯುಕ್ತವಾದೀತೆಂದು ನಂಬಿ, ಇದನ್ನು ವಿದ್ವಾಂಸರ ಪರಿಶೀಲನೆಗೆ ಒಪ್ಪಿಸುತ್ತೇವೆ.